ಹಳೆಯ ಪವರ್ ಟಿಲ್ಲರಿನ ಸಲಕರಣೆಗಳಿಗೆ ಬಿಡಿಭಾಗಗಳನ್ನು ಒದಗಿಸಿಕೊಳ್ಳುವ ವಿಧಾನ

(ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಜಮೀನುದಾರರ ಮತ್ತು ಗ್ರಾಮಮುಖಂಡರ ಉಪಯೋಗಕ್ಕಾಗಿ)

೧. ಪೀಠಿಕೆ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳೂ ಮಳೆಯ ಅಭಾವಕ್ಕೆ ಹೆಸರಾದ ಸೀಮೆಯಲ್ಲಿ ಸೇರಿರುತ್ತವೆ. ಇಲ್ಲಿಯ ಖುಷ್ಕಿ ಜಮೀನುಗಳಲ್ಲಿ ಕಡಲೆಕಾಯಿ, ರಾಗಿ, ತೊಗರಿ ಮುಂತಾದುವು ಮುಖ್ಯವಾದ ಬೆಳೆಗಳು. ಬಾವಿ ಮತ್ತು ಕೊಳವೆಬಾವಿಗಳ ನೀರಿರುವ ಕಡೆಗಳಲ್ಲಿ ಅಡಿಕೆ, ತೆಂಗು, ದಾಳಿಂಬೆ, ಹೂವು, ತರಕಾರಿಗಳ ತೋಟಗಳುಂಟು. ಮುಂಗಾರು ಮಳೆ ಬಿದ್ದು ನೆಲಕ್ಕೆ ಹದ ಬಂದ ಮೇಲೆ ಉತ್ತು ಬಿತ್ತುವುದಕ್ಕೆ ದೊರೆಯುವ ಕಾಲವು ಕೆಲವೇ ದಿವಸಗಳು. ಕೆಂಪು ಮರಳುಮಿಶ್ರಿತವಾದ ಭೂಮಿಯು ಬಹು ಬೇಗನೆ ಆರಿಹೋಗುವುದು. ಆ ದಿವಸಗಳಲ್ಲಿ ಒಂದು ಪಿನ್ನು ಮುರಿದು, ಅಥವಾ ಒಂದು ಬೇರಿಂಗು ಒಡೆದು, ಯಂತ್ರವು ಕೊಟ್ಟಿಗೆಯಲ್ಲಿ ನಿಂತುಹೋದರೆ, ಆಗುವ ನಷ್ಟವು ಆ ಪಿನ್ನಿನ ಬೆಲೆಯಷ್ಟೇ ಅಲ್ಲ. ಒಂದು ವರ್ಷದ ಬೆಳೆಯೇ ಕೈತಪ್ಪಬಹುದು. ಆದುದರಿಂದ ಹಳೆಯ ಯಂತ್ರಗಳಿಗೆ ಬೇಕಾದ ಬಿಡಿಭಾಗಗಳನ್ನು ಎಲ್ಲಿಂದ, ಯಾವ ಕ್ರಮದಿಂದ ಸಂಪಾದಿಸಬೇಕು, ಯಾವುದನ್ನು ಊರಿನಲ್ಲಿಯೇ ಮಾಡಿಸಿಕೊಳ್ಳಬಹುದು, ಯಾವುದನ್ನು ಮಾಡಿಸಬಾರದು ಎಂಬ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

೨. ಈ ಯಂತ್ರಗಳ ಪೂರ್ವವೃತ್ತಾಂತ

ಮೈಸೂರು ಸಂಸ್ಥಾನದಲ್ಲಿ ೧೯೧೩ರಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ವ್ಯವಸಾಯ ಇಲಾಖೆಯ ಡೈರೆಕ್ಟರಾದರು. ಆ ಕಾಲದಲ್ಲಿ ಕಬ್ಬಿಣದ ನೇಗಿಲುಗಳನ್ನು ರೈತರಲ್ಲಿ ಪ್ರಚಾರಪಡಿಸುವ ಪ್ರಯತ್ನಗಳು ನಡೆದುವು. ಕೋಲಾರದ ಮಿಷನ್ ನೇಗಿಲು ಆಗ ಬಹಳ ಹೆಸರುವಾಸಿಯಾಗಿದ್ದಿತು. ನೇಗಿಲು ಎಷ್ಟೇ ಉತ್ತಮವಾಗಿದ್ದರೂ, ಗುಳ ಸವೆದಾಗ ಬೇರೆ ಗುಳ ದೊರೆಯದಿದ್ದರೆ ಅದು ಅಟ್ಟಕ್ಕೆ ಸೇರುವುದೇ ಸರಿ. ಈ ಮಾತು ಇಂದಿನ ಯಂತ್ರಗಳಿಗೂ ಅಷ್ಟೇ ಸಲ್ಲುತ್ತದೆ.

ಎರಡು ಚಕ್ರದ ಕೈನಡೆಸುವ ಟ್ರಾಕ್ಟರು, ಎಂದರೆ ಪವರ್ ಟಿಲ್ಲರು, ಜಪಾನ್ ದೇಶದ ಗದ್ದೆಗಳಲ್ಲಿ ಬಳಕೆಗೆ ಬಂದು ಅಲ್ಲಿಂದ ನಮ್ಮ ದೇಶಕ್ಕೆ ಬಂದುದು. ಬೆಂಗಳೂರಿನಲ್ಲಿ ವಿ. ಎಸ್. ಟಿ. ಸಂಸ್ಥೆಯು ೧೯೬೭ರಲ್ಲಿ ಸ್ಥಾಪಿತವಾಗಿ, ಜಪಾನಿನ ಮಿತ್ಸುಬಿಷಿ ಸಂಸ್ಥೆಯ ಸಹಯೋಗದಿಂದ ಟಿಲ್ಲರುಗಳನ್ನು ತಯಾರಿಸಿತು. ಕೇರಳ ಸರ್ಕಾರದ ಕ್ಯಾಮ್ಕೋ ಸಂಸ್ಥೆಯು ೧೯೭೩ರಲ್ಲಿ ಸ್ಥಾಪಿತವಾಗಿ ಕುಬೋಟಾ ಮಾದರಿಯ ಟಿಲ್ಲರುಗಳನ್ನು ಹೊರತಂದಿತು. ತರುವಾಯ ಚೀನಾ ದೇಶದ ಯಂತ್ರಗಳೂ ಬಂದು ಸೇರಿದುವು. ೨೦೨೦ನೆಯ ಇಸವಿ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಟಿಲ್ಲರುಗಳನ್ನೂ ಅವುಗಳ ಎಂಜಿನ್, ಗೇರು ಪೆಟ್ಟಿಗೆ, ಚಾಸಿ, ರೋಟರಿ ಭಾಗಗಳನ್ನೂ ಆಮದು ಮಾಡುವುದಕ್ಕೆ ನಿರ್ಬಂಧವನ್ನು ವಿಧಿಸಿತು. ಹೀಗಿರುವುದರಿಂದ ವಿದೇಶದಿಂದ ಬಂದ ಹಳೆಯ ಯಂತ್ರಗಳನ್ನು ಇಟ್ಟುಕೊಂಡಿರುವ ರೈತರು ಬಿಡಿಭಾಗಗಳ ವಿಚಾರದಲ್ಲಿ ಹೆಚ್ಚಿನ ಮುಂದಾಲೋಚನೆಯಿಂದಿರಬೇಕು.

ಟಿಲ್ಲರಿಗೆ ಜೋಡಿಸುವ ಸಲಕರಣೆಗಳೆಂದರೆ: ಮಣ್ಣನ್ನು ಕತ್ತರಿಸಿ ಪುಡಿಮಾಡುವ ರೋಟರಿ, ನೇಗಿಲು, ಸಾಲು ತೆಗೆಯುವ ಸಲಕರಣೆ, ಕೆಸರುಗದ್ದೆಯ ಕಬ್ಬಿಣದ ಗಾಲಿಗಳು, ಹಿಂದಿನ ಚಿಕ್ಕ ಚಕ್ರ, ಟ್ರೈಲರಿನ ಕೊಂಡಿ ಮುಂತಾದುವು. ಮಣ್ಣಿನ ಸಂಗಡ ನಿತ್ಯವೂ ಉಜ್ಜಾಡುವುದರಿಂದ ಇವು ಎಂಜಿನ್ನಿಗಿಂತ ಮುಂಚಿತವಾಗಿಯೇ ಸವೆಯುವುವು.

೩. ಮೊದಲು ಮಾಡತಕ್ಕ ಕೆಲಸ

ಭಾಗವು ಮುರಿದ ಕೂಡಲೆ ಅಂಗಡಿಗೆ ಓಡುವುದು ಯೋಗ್ಯವಲ್ಲ. ಮೊದಲು ಯಂತ್ರದ ಮೇಲಿರುವ ತಗಡಿನ ಫಲಕವನ್ನು ಒರಸಿ, ಅದರಲ್ಲಿ ಕೆತ್ತಿರುವ ಮಾದರಿಯ ಹೆಸರು, ಎಂಜಿನ್ ನಂಬರು, ಚಾಸಿ ನಂಬರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ರೋಟರಿಯ ಮೇಲೆ ಬೇರೆ ಫಲಕವಿದ್ದರೆ ಅದನ್ನೂ ಬರೆದುಕೊಳ್ಳಬೇಕು. ಏಕೆಂದರೆ ಹಳೆಯ ಯಂತ್ರಗಳಲ್ಲಿ ಒಂದು ಮಾದರಿಯ ಟಿಲ್ಲರಿಗೆ ಮತ್ತೊಂದು ಮಾದರಿಯ ರೋಟರಿಯನ್ನು ಸೇರಿಸಿರುವುದುಂಟು. ಯಂತ್ರದ ಸಂಗಡ ಬಂದ ಭಾಗಗಳ ಪುಸ್ತಕವಿದ್ದರೆ ಅದನ್ನು ಜೋಪಾನವಾಗಿಡಬೇಕು. ಇಲ್ಲದಿದ್ದರೆ ಅದೇ ಮಾದರಿಯನ್ನು ಇಟ್ಟುಕೊಂಡಿರುವ ಬೇರೆ ರೈತರಿಂದಲೋ ಮಾರಾಟಗಾರರಿಂದಲೋ ನಕಲನ್ನು ತೆಗೆದಿಟ್ಟುಕೊಳ್ಳಬೇಕು.

ಮುರಿದ ಭಾಗದ ತುಂಡುಗಳನ್ನು ಯಾವ ಕಾರಣದಿಂದಲೂ ಗುಜರಿಗೆ ಹಾಕಬಾರದು. ತುಂಡುಗಳನ್ನು ಸೇರಿಸಿಟ್ಟು ಅಳತೆ ತೆಗೆದರೆ ಮಾತ್ರ ಹೊಸದನ್ನು ಸರಿಯಾಗಿ ಮಾಡಬಹುದು. ಅಳತೆಯನ್ನು ಸವೆದ ಜಾಗದಲ್ಲಿ ತೆಗೆಯದೆ, ಸವೆಯದೆ ಉಳಿದಿರುವ ಅಂಚಿನಲ್ಲಿ ತೆಗೆಯತಕ್ಕದ್ದು. ಬಿಚ್ಚುವಾಗ ಯಾವ ಭಾಗವು ಎಡಕ್ಕೆ, ಯಾವುದು ಬಲಕ್ಕೆ, ಯಾವುದರ ಮುಖವು ಒಳಕ್ಕೆ ಇದ್ದಿತೆಂಬುದನ್ನು ಸೀಮೆಸುಣ್ಣದಿಂದ ಗುರುತುಮಾಡಿ, ಈಗಿನ ಕಾಲದ ಅನುಕೂಲದಂತೆ ಕೈಫೋನಿನಲ್ಲಿ ಚಿತ್ರವನ್ನೂ ತೆಗೆದಿಡಬಹುದು.

೪. ಯಂತ್ರದ ಹೆಸರಿಲ್ಲದೆಯೂ ಅಂಗಡಿಯಲ್ಲಿ ದೊರೆಯುವ ಭಾಗಗಳು

ಬೇರಿಂಗು, ಆಯಿಲ್ ಸೀಲು, ಬೆಲ್ಟು, ಚೈನು, ಬೋಲ್ಟು ಇವು ಯಾವುದೇ ಒಂದು ಯಂತ್ರಕ್ಕೆಂದು ಮಾತ್ರ ತಯಾರಾದುವಲ್ಲ. ಅಳತೆಯೊಂದು ತಿಳಿದರೆ ತುಮಕೂರು, ಹಿಂದೂಪುರ, ಬೆಂಗಳೂರು ಈ ಊರುಗಳ ಅಂಗಡಿಗಳಲ್ಲಿ ಇವನ್ನು ಕೇಳಿ ತರಬಹುದು. ಟಿಲ್ಲರಿನ ಕಂಪನಿಯೇ ನಿಂತುಹೋಗಿದ್ದರೂ ಇವುಗಳಿಗೆ ಕೊರತೆಯಿಲ್ಲ.

ಬೇರಿಂಗು.—ಇದರ ಅಂಚಿನ ಮೇಲೆ ಒಂದು ಸಂಖ್ಯೆಯನ್ನು ಕೆತ್ತಿರುತ್ತಾರೆ. ಕೊನೆಯ ಎರಡು ಅಂಕಿಗಳು ೦೪ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಆ ಅಂಕಿಯನ್ನು ೫ರಿಂದ ಗುಣಿಸಿದರೆ ಒಳಗಿನ ರಂಧ್ರದ ಅಳತೆಯು ಮಿಲಿಮೀಟರುಗಳಲ್ಲಿ ದೊರೆಯುವುದು. ಉದಾಹರಣೆಗೆ ೬೨೦೫ ಎಂಬ ಬೇರಿಂಗಿನ ಒಳಗಳತೆ ೨೫, ಹೊರಗಳತೆ ೫೨, ದಪ್ಪ ೧೫ ಮಿಲಿಮೀಟರುಗಳು. ೬೨೦೬ಕ್ಕೆ ಇವು ೩೦, ೬೨, ೧೬ ಆಗಿರುತ್ತವೆ. ಸಂಖ್ಯೆಯು ಅಳಿಸಿಹೋಗಿದ್ದರೆ ಈ ಮೂರು ಅಳತೆಗಳನ್ನು ಬರೆದುಕೊಂಡು ಹೋದರೆ ಸಾಕು. ಮಣ್ಣು ತಾಗುವ ಕಡೆಗೆ ರಬ್ಬರಿನ ಮುಚ್ಚಳವಿರುವ ಜಾತಿಯನ್ನು ಕೇಳಿ ತೆಗೆದುಕೊಳ್ಳುವುದು ಉತ್ತಮ.

ಆಯಿಲ್ ಸೀಲು.—ಇದಕ್ಕೂ ದಂಡದ ಅಳತೆ, ಗೂಡಿನ ಅಳತೆ, ದಪ್ಪ ಎಂಬ ಮೂರು ಅಳತೆಗಳುಂಟು. ಸೀಲು ತಾಗುವ ಸ್ಥಳದಲ್ಲಿ ದಂಡವು ಸವೆದು ಗಾಡಿಯಾಗಿದ್ದರೆ, ಎಷ್ಟು ಹೊಸ ಸೀಲುಗಳನ್ನು ಹಾಕಿದರೂ ಎಣ್ಣೆ ಸೋರುವುದು ನಿಲ್ಲುವುದಿಲ್ಲ. ಆಗ ಸೀಲನ್ನು ಒಂದೆರಡು ಮಿಲಿಮೀಟರು ಪಕ್ಕಕ್ಕೆ ಸರಿಸಿ ಕೂರಿಸುವುದು, ಅಥವಾ ದಂಡಕ್ಕೆ ತೆಳುವಾದ ಬಳೆಯನ್ನು ತೊಡಿಸುವುದು ಸುಲಭವಾದ ಉಪಾಯವು. ರೋಟರಿಯ ಸೀಲು ಹೋದರೆ ಎಣ್ಣೆಯು ಹೊರಕ್ಕೆ ಹೋಗುವುದರ ಜೊತೆಗೆ ಮಣ್ಣು ಒಳಕ್ಕೆ ಬರುವುದು. ಬೇರಿಂಗು, ಚೈನುಗಳು ಕೆಡುವುದಕ್ಕೆ ಇದೇ ಮೂಲಕಾರಣವಾಗುವುದುಂಟು.

ಚೈನು.—ರೋಟರಿಯನ್ನು ಚೈನಿನಿಂದ ತಿರುಗಿಸುವ ಮಾದರಿಗಳಲ್ಲಿ ಒಂದು ಪಿನ್ನಿನ ಮಧ್ಯದಿಂದ ಮತ್ತೊಂದರ ಮಧ್ಯಕ್ಕೆ ಇರುವ ದೂರವೇ ಮುಖ್ಯವಾದ ಅಳತೆ. ಮುಕ್ಕಾಲು ಅಂಗುಲದ ಚೈನಿನಲ್ಲಿ ಇದು ೧೯.೦೫ ಮಿಲಿಮೀಟರು. ಚೈನನ್ನು ಬಿಗಿಯಾಗಿ ಎಳೆದು ೨೦ ಕೊಂಡಿಗಳನ್ನು ಅಳೆದರೆ ಹೊಸದರಲ್ಲಿ ೩೮೧ ಮಿಲಿಮೀಟರು ಬರುವುದು. ೩೮೯ಕ್ಕಿಂತ ಹೆಚ್ಚು ಬಂದರೆ, ಎಂದರೆ ನೂರಕ್ಕೆ ಎರಡು ಪಾಲು ಉದ್ದವಾಗಿದ್ದರೆ, ಅದನ್ನು ಬದಲಾಯಿಸತಕ್ಕದ್ದು. ಹಲ್ಲುಚಕ್ರಗಳ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಅವನ್ನೂ ಅದೇ ಕಾಲದಲ್ಲಿ ಬದಲಾಯಿಸಬೇಕು. ಇಲ್ಲವಾದರೆ ಹಳೆಯ ಹಲ್ಲು ಹೊಸ ಚೈನನ್ನು ತಿಂದುಬಿಡುವುದು.

ಬೋಲ್ಟು.—ಈ ವಿಷಯದಲ್ಲಿ ಅನೇಕರು ಮೋಸಹೋಗುವರು. ಜಪಾನ್ ಮೂಲದ ಯಂತ್ರಗಳಲ್ಲಿ ೧೦ ಮಿಲಿಮೀಟರಿನ ಬೋಲ್ಟಿಗೆ ಸಾಮಾನ್ಯವಾಗಿ ೧.೨೫ ಮಿಲಿಮೀಟರಿನ ಮರೆ ಇರುತ್ತದೆ. ಅಂಗಡಿಯವನು ಸಾಧಾರಣವಾಗಿ ಕೊಡುವುದು ೧.೫ರ ಮರೆಯುಳ್ಳದ್ದು. ಎರಡೂ ನೋಟಕ್ಕೆ ಒಂದೇ ತೆರನಾಗಿದ್ದು, ಒಂದೆರಡು ಸುತ್ತು ಸೇರಿ ಬಿಗಿಯಾಗಿ ನಿಲ್ಲುವುವು. ಆ ಮೇಲೆ ಬಲವಂತದಿಂದ ತಿರುಗಿಸಿದರೆ ಒಳಗಿನ ಮರೆಯು ಹಾಳಾಗುವುದು. ಆದುದರಿಂದ ಹತ್ತು ಮರೆಗಳನ್ನು ಅಳೆದು ನೋಡಬೇಕು, ೧೨.೫ ಬಂದರೆ ಮೊದಲನೆಯ ಜಾತಿ, ೧೫ ಬಂದರೆ ಎರಡನೆಯ ಜಾತಿ. ಬ್ಲೇಡುಗಳನ್ನು ಹಿಡಿಯುವ ಬೋಲ್ಟುಗಳ ತಲೆಯ ಮೇಲೆ ೮.೮ ಎಂಬ ಗುರುತು ಇರಬೇಕು. ಗುರುತಿಲ್ಲದ ಮೆದು ಬೋಲ್ಟು ಹಿಗ್ಗಿ ಸಡಿಲವಾಗುವುದು.

೫. ಕುಲುಮೆಯಲ್ಲಿಯೂ ಲೇತಿನಲ್ಲಿಯೂ ಮಾಡಿಸಬಹುದಾದ ಭಾಗಗಳು

ಈ ಸೀಮೆಗೆ ಕಬ್ಬಿಣದ ಕೆಲಸವು ಹೊಸದಲ್ಲ. ೧೮೦೦ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಎಂಬಾತನು ಮಧುಗಿರಿಯ ಸುತ್ತಣ ಕಬ್ಬಿಣದ ಕುಲುಮೆಗಳ ವಿಚಾರವನ್ನು ತನ್ನ ಗ್ರಂಥದಲ್ಲಿ ವಿವರಿಸಿರುತ್ತಾನೆ. ಇಂದಿಗೂ ಗುಳ ತಟ್ಟುವ ಕಮ್ಮಾರರು ಇರುವ ಕಡೆಗಳಲ್ಲಿ ಅವರ ಕೈಯ ಹದವನ್ನು ಉಪಯೋಗಿಸಿಕೊಳ್ಳುವುದು ಜಾಣತನ.

ರೋಟರಿಯ ಬ್ಲೇಡು.—ಕಂಪನಿಯ ಬ್ಲೇಡು ದೊರೆಯುವುದಾದರೆ ಅದನ್ನೇ ಕೊಳ್ಳುವುದು ಲೇಸು. ದೊರೆಯದಿದ್ದರೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟೆಯಿಂದ ಮಾಡಿಸಬಹುದು. ಸಾಮಾನ್ಯ ಕಬ್ಬಿಣದ ಪಟ್ಟಿಯಿಂದ ಮಾಡಿದ ಬ್ಲೇಡು ನಮ್ಮ ಮರಳುಭೂಮಿಯಲ್ಲಿ ಬಹುಕಾಲ ಬಾಳದು. ಪಟ್ಟೆಯಲ್ಲಿ ಬಿರುಕುಗಳಿಲ್ಲವೆಂದು ನೋಡಿಕೊಂಡು, ಕಾಯಿಸಿ, ಹಳೆಯ ಬ್ಲೇಡಿನ ಮೇಲೆ ಇಟ್ಟು ಅದೇ ಬಾಗನ್ನು ಕೊಡಬೇಕು. ಎಡದವು, ಬಲದವು ಎಂದು ಎರಡು ವಿಧಗಳಿರುವುದರಿಂದ ಪ್ರತಿಯೊಂದಕ್ಕೂ ಬೇರೆ ನಮೂನೆಯನ್ನು ಇಟ್ಟುಕೊಳ್ಳಬೇಕು.

ಹದ ಕೊಡುವ ಕ್ರಮ ಹೇಗೆಂದರೆ: ಕತ್ತರಿಸುವ ಭಾಗವನ್ನು ಕೆಂಪಗೆ ಕಾಯಿಸಿ, ಆಗಾಗ್ಗೆ ಅಯಸ್ಕಾಂತವನ್ನು ತಾಗಿಸಿ ನೋಡುವುದು. ಅಯಸ್ಕಾಂತವು ಹಿಡಿಯುವುದನ್ನು ಬಿಟ್ಟ ಮೇಲೆ ಇನ್ನು ಸ್ವಲ್ಪ ಕಾಯಿಸಿ ಎಣ್ಣೆಯಲ್ಲಿ ಅದ್ದುವುದು. ನೀರಿನಲ್ಲಿ ಅದ್ದಕೂಡದು; ಈ ಜಾತಿಯ ಉಕ್ಕು ನೀರಿನಲ್ಲಿ ಬಿರಿಯುವುದು. ಅದ್ದಿದ ಬ್ಲೇಡು ಗಾಜಿನಂತೆ ಪೆಡಸಾಗಿರುವುದರಿಂದ ಅದನ್ನು ಹಾಗೆಯೇ ಉಪಯೋಗಿಸದೆ, ಉಜ್ಜಿ ಹೊಳಪು ಮಾಡಿ, ನೀಲಿಬಣ್ಣ ಬರುವವರೆಗೆ ಮೆಲ್ಲಗೆ ಪುನಃ ಕಾಯಿಸಿ ಆರಿಸಬೇಕು. ಬೋಲ್ಟಿನ ರಂಧ್ರವಿರುವ ಬುಡವನ್ನು ಅದ್ದದೆ ಮೆದುವಾಗಿಯೇ ಬಿಡಬೇಕು. ಬುಡವು ಪೆಡಸಾದರೆ ಕಲ್ಲು ತಾಗಿದಾಗ ಮುರಿದು ಸಿಡಿದು ಮನುಷ್ಯನಿಗೆ ಅಪಾಯವಾಗಬಹುದು. ಎಲ್ಲ ಬ್ಲೇಡುಗಳನ್ನೂ ತಕ್ಕಡಿಯಲ್ಲಿ ತೂಗಿ ಸಮನಾಗಿ ಮಾಡಿಸತಕ್ಕದ್ದು; ತೂಕದಲ್ಲಿ ಹೆಚ್ಚುಕಡಿಮೆಯಿದ್ದರೆ ರೋಟರಿಯು ನಡುಗಿ ಬೇರಿಂಗುಗಳು ಹೋಗುವುವು.

ಪಿನ್ನು ಮತ್ತು ಬುಷ್.—ಟ್ರೈಲರಿನ ಕೊಂಡಿ, ನೇಗಿಲಿನ ಕೀಲು, ಹಿಂದಿನ ಚಕ್ರ ಇವುಗಳಲ್ಲಿ ರಂಧ್ರವು ಅಂಡಾಕಾರವಾಗಿ ಸವೆಯುವುದು. ಹೊಸ ಪಿನ್ನನ್ನು ಮಾತ್ರ ಹಾಕಿದರೆ ಪ್ರಯೋಜನವಿಲ್ಲ. ರಂಧ್ರವನ್ನು ದೊಡ್ಡದಾಗಿ ಕೊರೆಯಿಸಿ ಬುಷ್ ಕೂರಿಸಬೇಕು. ತಿರುಗುವ ಕಡೆಗೆ ಗನ್‌ಮೆಟಲಿನ ಬುಷ್ ಒಳ್ಳೆಯದು. ಬುಷ್ ಮೆದುವಾಗಿಯೂ ಪಿನ್ನು ಗಟ್ಟಿಯಾಗಿಯೂ ಇರಬೇಕು. ಆಗ ಸುಲಭವಾದ ಬೆಲೆಯ ಬುಷ್ ಸವೆದು ಪಿನ್ನು ಉಳಿಯುವುದು. ಗ್ರೀಸು ಹೋಗುವುದಕ್ಕೆ ರಂಧ್ರವನ್ನು ಬಿಡಲು ಟರ್ನರಿಗೆ ಮುಂಚಿತವಾಗಿಯೇ ಹೇಳಬೇಕು.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಸಲಕರಣೆಗಳಲ್ಲಿ ಬಲ ಹೆಚ್ಚಾದಾಗ ತಾನಾಗಿ ಕತ್ತರಿಸಿಹೋಗಲೆಂದೇ ಮೆದುವಾದ ಪಿನ್ನನ್ನು ಇಟ್ಟಿರುತ್ತಾರೆ. ಅದು ಪದೇ ಪದೇ ಮುರಿಯುವುದೆಂದು ಗಟ್ಟಿಯಾದ ಪಿನ್ನನ್ನು ಹಾಕಿದರೆ, ಮುಂದಿನ ಸಲ ಮುರಿಯುವುದು ಗೇರು.

೬. ಎರಕದ ಭಾಗಗಳು

ಮುರಿದುದು ಎರಕದ ಕಬ್ಬಿಣವೋ ಉಕ್ಕೋ ಎಂಬುದನ್ನು ಸಾಣೆಚಕ್ರಕ್ಕೆ ಹಿಡಿದು ನೋಡಿದರೆ ತಿಳಿಯುವುದು. ಉಕ್ಕಿನ ಕಿಡಿಗಳು ಉದ್ದವಾಗಿಯೂ ಬೆಳ್ಳಗೂ ಇರುವುವು. ಎರಕದ ಕಬ್ಬಿಣದವು ಗಿಡ್ಡವಾಗಿ ಮಬ್ಬುಗೆಂಪಾಗಿರುವುವು. ಎರಕದ ಕಬ್ಬಿಣಕ್ಕೆ ಸಾಮಾನ್ಯವಾದ ವೆಲ್ಡಿಂಗ್ ಕಡ್ಡಿಯಿಂದ ಬೆಸುಗೆ ಹಾಕಿದರೆ ಪಕ್ಕದಲ್ಲಿಯೇ ಪುನಃ ಬಿರಿಯುವುದು. ಇದಕ್ಕೆ ನಿಕ್ಕಲ್ ಕಡ್ಡಿಯನ್ನು ಉಪಯೋಗಿಸಬೇಕು, ಇಲ್ಲವೆ ಹಿತ್ತಾಳೆಯ ಬೆಸುಗೆ ಹಾಕಿಸಬೇಕು. ಬಿರುಕಿನ ಎರಡು ಕೊನೆಗಳಲ್ಲಿಯೂ ಚಿಕ್ಕ ರಂಧ್ರಗಳನ್ನು ಕೊರೆದು, ಭಾಗವನ್ನು ಮುಂಚಿತವಾಗಿ ಬೆಚ್ಚಗೆ ಮಾಡಿ, ಬೆಸುಗೆಯಾದ ಮೇಲೆ ಒಣಗಿದ ಬೂದಿಯಲ್ಲಿ ಹೂತಿಟ್ಟು ನಿಧಾನವಾಗಿ ಆರಿಸಬೇಕು.

ಹೊಸದಾಗಿ ಎರಕ ಹೊಯ್ಯಿಸಬೇಕಾದಾಗ ಹಳೆಯ ಭಾಗವನ್ನೇ ಅಚ್ಚಿಗೆ ಕೊಟ್ಟರೆ ಹೊಸ ಭಾಗವು ಚಿಕ್ಕದಾಗಿ ಬರುವುದು. ಕಬ್ಬಿಣವು ಆರುವಾಗ ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುವುದೇ ಇದಕ್ಕೆ ಕಾರಣ. ೨೦೦ ಮಿಲಿಮೀಟರಿನ ಭಾಗವು ಸುಮಾರು ೨ ಮಿಲಿಮೀಟರು ಗಿಡ್ಡವಾದರೆ ಬೋಲ್ಟಿನ ರಂಧ್ರಗಳು ಸೇರುವುದಿಲ್ಲ. ಆದುದರಿಂದ ಕುಗ್ಗುವಿಕೆಯನ್ನೂ, ಲೇತಿನಲ್ಲಿ ತೆಗೆಯಬೇಕಾದ ಪದರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮರದ ನಮೂನೆಯನ್ನು ಮಾಡಿಸಬೇಕು. ರಂಧ್ರಗಳನ್ನು ಎರಕದಲ್ಲಿ ಬಿಡದೆ ತರುವಾಯ ಕೊರೆಯಿಸುವುದು ಉತ್ತಮ. ಒಂದೇ ಭಾಗಕ್ಕೆ ನಮೂನೆ ಮಾಡಿಸುವುದು ದುಬಾರಿ. ನಾಲ್ಕಾರು ರೈತರು ಸೇರಿದರೆ ಖರ್ಚು ಹಂಚಿಹೋಗುವುದು. ಎಷ್ಟೋ ಸಂದರ್ಭಗಳಲ್ಲಿ ಎರಕದ ಬದಲು ದಪ್ಪ ಉಕ್ಕಿನ ತಗಡನ್ನು ಕತ್ತರಿಸಿ ಬೆಸೆದು ಅದೇ ಕೆಲಸಕ್ಕೆ ಒದಗಿಸಬಹುದು.

೭. ಗೇರುಗಳ ವಿಚಾರ

ಗೇರಿನ ಮುರಿದ ಹಲ್ಲಿಗೆ ಬೆಸುಗೆ ತುಂಬಿ ಅರದಿಂದ ಉಜ್ಜಿ ಆಕಾರ ಕೊಡುವ ಪದ್ಧತಿಯುಂಟು. ಇದು ಬಹುಕಾಲ ನಿಲ್ಲದು; ಆ ಹಲ್ಲು ಕಿತ್ತು ಪೆಟ್ಟಿಗೆಯಲ್ಲಿ ಸಿಕ್ಕಿ ಉಳಿದ ಗೇರುಗಳನ್ನೂ ಕೆಡಿಸುವುದು. ಮೊದಲು ಅದೇ ಮಾದರಿಯ ಗುಜರಿ ಯಂತ್ರದಿಂದ ಗೇರನ್ನು ಹುಡುಕಬೇಕು. ದೊರೆಯದಿದ್ದರೆ ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಗೇರು ಕತ್ತರಿಸುವ ಕಾರ್ಖಾನೆಗೆ ಹಳೆಯದನ್ನು ಒಯ್ಯಬೇಕು. ನೇರ ಹಲ್ಲಿನ ಸಾಮಾನ್ಯ ಗೇರಿನಲ್ಲಿ ಹಲ್ಲುಗಳ ಸಂಖ್ಯೆಗೆ ೨ನ್ನು ಸೇರಿಸಿ, ಅದರಿಂದ ಹೊರ ಅಳತೆಯನ್ನು ಭಾಗಿಸಿದರೆ ಹಲ್ಲಿನ ಪ್ರಮಾಣವು ತಿಳಿಯುವುದು. ೨೪ ಹಲ್ಲು, ೬೫ ಮಿಲಿಮೀಟರು ಹೊರ ಅಳತೆಯಿದ್ದರೆ, ೬೫ನ್ನು ೨೬ರಿಂದ ಭಾಗಿಸಿ ೨.೫ ಬರುವುದು. ಇದನ್ನು ಕಾರ್ಖಾನೆಯವರು ಮಾಡ್ಯೂಲ್ ಎನ್ನುವರು. ಹೊಸ ಗೇರಿನ ಹಲ್ಲುಗಳ ಮೇಲ್ಮೈಯನ್ನು ಗಟ್ಟಿಮಾಡಿಸಿಕೊಡಬೇಕೆಂದು ಕೇಳುವುದನ್ನು ಮರೆಯಬಾರದು.

ಕ್ಲಚ್ಚಿನ ತಟ್ಟೆ, ಬ್ರೇಕು, ಮುಖ್ಯ ಅಚ್ಚು, ಎಂಜಿನ್ನಿನ ಭಾರಚಕ್ರ ಇವುಗಳನ್ನು ಕುಲುಮೆಯಲ್ಲಿ ಮಾಡಿಸಕೂಡದು. ಇವು ಕೆಟ್ಟರೆ ಪ್ರಾಣಕ್ಕೆ ಅಪಾಯ. ಇವುಗಳಿಗೆ ಕಂಪನಿಯ ಭಾಗಗಳನ್ನೇ ಹಾಕಬೇಕು.

೮. ಕೆಲಸ ಮಾಡುವಾಗ ಗಮನಿಸತಕ್ಕ ಅಂಶಗಳು

(ಅ) ಎಂಜಿನ್ನನ್ನು ನಿಲ್ಲಿಸದೆ ರೋಟರಿಗೆ ಕೈ ಹಾಕಕೂಡದು. ಸಿಕ್ಕಿದ ಬೇರನ್ನು ತೆಗೆಯುವಾಗಲೂ ಹಾಗೆಯೇ.

(ಆ) ಹಿಂದಕ್ಕೆ ನಡೆಸುವಾಗ ರೋಟರಿಯನ್ನು ತಪ್ಪಿಸಿಡಬೇಕು. ಇದಕ್ಕಾಗಿ ಕಂಪನಿಯವರು ಇಟ್ಟಿರುವ ತಡೆಯನ್ನು ಕೀಳಬಾರದು.

(ಇ) ರೋಟರಿಯ ಮೇಲಿನ ತಗಡಿನ ಮುಚ್ಚಳವು ತುಕ್ಕುಹಿಡಿದು ಬಿದ್ದಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಮಾಡಿಸಬೇಕು.

(ಈ) ಗಾಳಿ ತುಂಬಿದ ಟೈರು ಇರುವಾಗ ಚಕ್ರದ ಕಬ್ಬಿಣಕ್ಕೆ ವೆಲ್ಡಿಂಗ್ ಮಾಡಕೂಡದು. ಎಣ್ಣೆಯ ತೊಟ್ಟಿಯ ಬಳಿಯಲ್ಲಿಯೂ ಮಾಡಕೂಡದು.

೯. ಗ್ರಾಮಮುಖಂಡರು ಮಾಡಬಹುದಾದುದು

ಒಬ್ಬೊಬ್ಬ ರೈತನೂ ಪ್ರತ್ಯೇಕವಾಗಿ ಅಲೆಯುವುದಕ್ಕಿಂತ ಗ್ರಾಮದಲ್ಲಿರುವ ಟಿಲ್ಲರುಗಳ ಪಟ್ಟಿಯನ್ನು ಮುಖಂಡರು ಮಾಡಿಸುವುದು ಮೇಲು. ಯಾರಲ್ಲಿ ಯಾವ ಮಾದರಿ, ಯಾವ ರೋಟರಿ, ಯಾವುದು ಕೆಟ್ಟು ನಿಂತಿದೆ ಎಂಬುದು ಒಂದು ಹಾಳೆಯಲ್ಲಿ ತಿಳಿದರೆ, ನಿಂತುಹೋದ ಒಂದು ಯಂತ್ರದಿಂದ ನಾಲ್ಕು ಯಂತ್ರಗಳು ನಡೆಯಬಹುದು. ಅಂತಹ ಯಂತ್ರವನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಮಾರುವುದಕ್ಕೆ ಮುಂಚೆ ಅಕ್ಕಪಕ್ಕದ ರೈತರಿಗೆ ತಿಳಿಸತಕ್ಕದ್ದು. ಒಂದೇ ಮಾದರಿಯವರು ಸೇರಿ ಬೇರಿಂಗು, ಸೀಲು, ಬೋಲ್ಟು, ಒಂದು ಜೊತೆ ಬ್ಲೇಡುಗಳನ್ನು ಒಂದು ಪೆಟ್ಟಿಗೆಯಲ್ಲಿ ತಂದಿಟ್ಟು, ತೆಗೆದುಕೊಂಡವನು ಬದಲನ್ನು ತಂದಿಡುವ ಕಟ್ಟುಪಾಡು ಮಾಡಿಕೊಳ್ಳಬಹುದು.

ಯಂತ್ರವನ್ನು ಬಿಚ್ಚಿ ನೋಡುವುದಕ್ಕೆ ತಕ್ಕ ಕಾಲವು ಸುಗ್ಗಿ ಮುಗಿದ ಮೇಲೆ, ಯುಗಾದಿಗೆ ಮುಂಚೆ. ಆಗ ಕಮ್ಮಾರನಿಗೂ ಟರ್ನರಿಗೂ ಬಿಡುವಿರುವುದು. ಅಶ್ವಿನಿ, ಭರಣಿ ಮಳೆಗಳು ಬೀಳುವ ವೇಳೆಗೆ ಯಂತ್ರವು ಸಿದ್ಧವಾಗಿರಬೇಕು. ಬಿಡಿಭಾಗವನ್ನು ತರಿಸುವಾಗ ಈ ಕೆಳಗಿನಂತೆ ಚೀಟಿಯನ್ನು ಬರೆದು ಕಳುಹಿಸಿದರೆ ತಪ್ಪು ಭಾಗವು ಬರುವ ಸಂಭವವು ಕಡಮೆ:

ಟಿಲ್ಲರಿನ ಹೆಸರು ಮತ್ತು ಮಾದರಿ, ಎಂಜಿನ್ ನಂಬರು, ಚಾಸಿ ನಂಬರು, ಕೊಂಡ ವರ್ಷ, ಭಾಗದ ಹೆಸರು ಮತ್ತು ಪುಸ್ತಕದಲ್ಲಿರುವ ನಂಬರು, ಎಡವೋ ಬಲವೋ, ಒಳಗಳತೆ, ಹೊರಗಳತೆ, ದಪ್ಪ, ಬೇಕಾದ ಸಂಖ್ಯೆ.

ಯಂತ್ರಗಳನ್ನು ನಡೆಸುವ ಮತ್ತು ರಿಪೇರಿಮಾಡುವ ಶಿಕ್ಷಣವನ್ನು ಕೊಡುವ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುತ್ತದೆ. ಪಾವಗಡ, ಮಧುಗಿರಿ ಕಡೆಯ ಯುವಕರಿಗೆ ಇದು ದೂರವಲ್ಲ. ಪ್ರತಿ ಗ್ರಾಮದಿಂದ ಒಬ್ಬ ಯುವಕನು ಈ ಕೆಲಸವನ್ನು ಕಲಿತು ಬಂದರೆ ಅವನ ಜೀವನಕ್ಕೂ ದಾರಿಯಾಗುವುದು, ಊರಿನ ಬಿತ್ತನೆಯೂ ಕಾಲಕ್ಕೆ ಸರಿಯಾಗಿ ನಡೆಯುವುದು. ಇನ್ನೂ ಹೆಚ್ಚಿನ ವಿವರಗಳು ಬೇಕಾದವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.